ಬಾಡಿಗೆ ಮನೆ ಎಂಬ ಮನೆಹೆಸರು

ಕೊಚ್ಚಿಗೆ ಬಂದ ಐದನೆಯ ದಿನ ನಾನೊಂದು ತಮಾಷೆ ಮಾಡಿದೆ. ಅದರೊಳಗಿಂದ ಹೊರಗೆ ಬರೋದಕ್ಕೆ ಮೂರು ವರ್ಷ ಒದ್ದಾಡಿದೆ. ಬಂದೆನೋ ಇಲ್ಲವೋ ಅನ್ನೋದರ ಬಗ್ಗೆ ಮನೆಯಲ್ಲಿ ಇನ್ನೂ ಎರಡು ಅಭಿಪ್ರಾಯಗಳಿವೆ.

ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿತ್ತು. ಸೇರಿದ ವಾರವೇ ಬ್ಯಾಂಕಿನವನೊಬ್ಬ ಕ್ಯಾಂಟೀನಿನಲ್ಲಿ ಮೇಜು ಹಾಕಿಕೊಂಡು ಹೊಸಬರಿಗೆಲ್ಲ ಸಂಬಳದ ಖಾತೆ ತೆರೆಯುತ್ತ ಕೂತಿದ್ದ. ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಎಲ್ಲ ಇಂಗ್ಲಿಷಿನಲ್ಲಿ ಸರಾಗವಾಗಿ ನಡೆಯಿತು. ವಿಳಾಸದ ಹತ್ತಿರ ಬಂದಾಗ ಅವನು ಮಲಯಾಳಕ್ಕೆ ಜಾರಿದ. "ವೀಟ್ಟುಪೇರ್?"

ಕೇರಳದಲ್ಲಿ ಪ್ರತಿ ಮನೆಗೂ ಒಂದು ಹೆಸರಿರುತ್ತೆ, ಅಂಚೆಯವರು ಹುಡುಕಿಕೊಂಡು ಬರೋದು ಆ ಹೆಸರನ್ನೇ ಅಂತ ನನಗೇನು ಗೊತ್ತು? ನಾನು ಮೈಸೂರಿನವನು. ನಮ್ಮ ಕಡೆ ಮನೆಗೆ ನಂಬರು, ಮೇನು, ಕ್ರಾಸು. 'ವೀಡು' ಅಂದರೆ ಮನೆ ಅಂತ ಮಾತ್ರ ತಿಳಿದಿತ್ತು. ಎಂಥ ಮನೆ, ಸ್ವಂತದ್ದೋ ಬಾಡಿಗೆಯದ್ದೋ ಅಂತ ಕೇಳ್ತಿದ್ದಾನೆ ಅಂದುಕೊಂಡೆ. ಸಾಲಿನಲ್ಲಿ ಹಿಂದೆಯೇ ನಿಂತಿದ್ದ ಧಾರವಾಡದ ರೂಮ್‌ಮೇಟ್ ನಗಲಿ ಅಂತ, ಬ್ಯಾಂಕಿನವನ ಮೂಗುದನಿಯನ್ನೇ ಎರವಲು ತೆಗೆದುಕೊಂಡು, ಅವನ ಹಾಗೇ ಕತ್ತು ಓರೆ ಮಾಡಿ, ಅಚ್ಚಗನ್ನಡದಲ್ಲಿ "ಬಾಡಿಗೆ ಮನೆ" ಅಂದೆ.

ಅವನು ತಲೆಯಾಡಿಸಿ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರದಂತೆ ಅದನ್ನೇ ತುಂಬಿದ. ಬಾಡಿಗೆ ಮನೆ ಹೌಸ್, ಕಾಕ್ಕನಾಡ್.

ನಾನು ನೋಡಿದೆ. ರೂಮ್‌ಮೇಟೂ ನೋಡಿದ. "ಲೇ, ತಿದ್ದಸಲೇ," ಅಂದ. ಆದರೆ ಅವನಿಗೇ ನಗು ತಡೆಯಲಾಗಲಿಲ್ಲ. ನನ್ನಂಥವನಿಗೆ ಎದುರಿಗೊಬ್ಬ ನಕ್ಕರೆ ಮುಗಿಯಿತು. ಸಹಿ ಹಾಕಿದೆ.

ಈ ಅನುಕರಣೆ ನನಗೆ ಸಣ್ಣಂದಿನಿಂದ ಅಂಟಿದ ಚಟ. ಯಾರ ಜೊತೆ ಹತ್ತು ನಿಮಿಷ ಕೂತರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತೆ. ಕೊಚ್ಚಿಯಲ್ಲಿ ಮೊದಲು ಬಂದು ಕೂತದ್ದು ನಮ್ಮ ಮನೆಯ ಓನರದ್ದು. ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಜೀವಮಾನವಿಡೀ ಯಂತ್ರಗಳ ಸದ್ದಿನ ಮೇಲೆ ಕೂಗಿ ನಿವೃತ್ತರಾದವರು, "ನೀರು ಬಂತಾ?" ಅಂತ ಕೇಳಿದರೂ ಪಕ್ಕದ ಓಣಿಯವರು ಟ್ಯಾಪ್ ತಿರುಗಿಸಿ ನೋಡಬೇಕು, ಹಾಗೆ. ಅವರ ಮನೆಯ ಗೇಟಿನ ಮೇಲೆ ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಕತ್ತರಿಸಿ ಜೋಡಿಸಿದ ಚೆಂದದ ಹೆಸರೊಂದಿತ್ತು. ನನ್ನ ಖಾತೆಯಲ್ಲಿ ಇರಬೇಕಾಗಿದ್ದದ್ದು ಅದು.

ಎರಡು ತಿಂಗಳ ನಂತರ ಎಲ್ಲರಂತೆ ನಾನೂ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದೆ. ವಿಳಾಸ ಪರಿಶೀಲಿಸಲು ಬೈಕಿನಲ್ಲಿ ಬಂದವನು ನೇರವಾಗಿ ನಮ್ಮ ಓನರನ್ನೇ ಕೇಳಿದನಂತೆ, ಬಾಡಿಗೆ ಮನೆ ಎಲ್ಲಿ ಅಂತ. ಅವರು ಗೇಟಿನಲ್ಲಿ ನಿಂತು, ಇಡೀ ಬೀದಿಗೆ ಕೇಳುವ ಹಾಗೆ, "ಅಂಙನೆ ಒರು ವೀಡ್ ಇವಿಡೆ ಇಲ್ಲ" ಅಂದರು. ಅಂಥ ಮನೆ ಇಲ್ಲಿಲ್ಲ. ಮೂವತ್ತು ವರ್ಷದಿಂದ ಈ ಓಣಿಯಲ್ಲಿದ್ದೇನೆ, ನನಗೆ ಗೊತ್ತಿಲ್ಲದ ಮನೆಯೇ, ಅಂತ ಸಂಜೆ ನನಗೂ ಹೇಳಿದರು. ಯಾರೋ ಪಾಪಿ, ಸುಳ್ಳು ವಿಳಾಸ ಕೊಟ್ಟು ಬ್ಯಾಂಕಿಗೆ ಮೋಸ ಮಾಡೋಕೆ ಹೊರಟಿದ್ದಾನೆ, ಅಂತಲೂ ಸೇರಿಸಿದರು. ನಾನು ಕಾಲ ಕೆಟ್ಟಿದೆ ಚೇಟ್ಟಾ ಅಂದೆ. ಅಲ್ಲಿ ಅಣ್ಣನಿಗೆ ಚೇಟ್ಟ ಅಂತಾರೆ.

ಕಾರ್ಡು ಬರಲಿಲ್ಲ. ರೂಮಿನಲ್ಲಿ ಬೈಕಿನವನ ಪಾತ್ರ, ಓನರ ಪಾತ್ರ, ಎರಡನ್ನೂ ನಾನೇ ಮಾಡಿ ತೋರಿಸಿ ನಗಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಮೇಲೆ ಅವಳು ಬಂದಳು. ಕಂಪನಿ ಕ್ಯಾಬಿನಲ್ಲಿ ನನ್ನ ಮುಂದಿನ ಸೀಟು. ಒಂದು ದಿನ ನಾನು ಡ್ರೈವರ ದನಿಯಲ್ಲಿ ರೂಮ್‌ಮೇಟಿಗೆ ಕನ್ನಡದಲ್ಲಿ ಏನೋ ಹೇಳಿದಾಗ, ಮುಂದಿನ ಸೀಟಿನ ಭುಜಗಳು ಅಲುಗಿದವು. ಕಾಸರಗೋಡಿನ ಕನ್ನಡದವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ತಿರುವನಂತಪುರ. ನಾನು ಕನ್ನಡದಲ್ಲಿ ಹೇಳಿದ್ದು ಪೂರಾ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿದ್ದದ್ದು ಮಲಯಾಳದಲ್ಲಿ. ನಾನು ಕನ್ನಡದಲ್ಲಿ ಶುರು ಮಾಡಿದ ಜಗಳವನ್ನು ಅವಳು ಮಲಯಾಳದಲ್ಲಿ ಗೆಲ್ಲುತ್ತಿದ್ದಳು. ವರ್ಷ ತುಂಬುವುದರೊಳಗೆ ಇಬ್ಬರಿಗೂ ಮದುವೆಯಾಗಬೇಕು ಅನ್ನಿಸಿತು.

ಅವಳ ಅಪ್ಪ ಸರ್ಕಾರದ ಕಾನೂನು ವಿಭಾಗದಲ್ಲಿ ಅಧಿಕಾರಿ. ಅಲ್ಪವಿರಾಮ ತಪ್ಪಿದರೆ ಕಡತ ವಾಪಸು ಕಳಿಸುವ ಮನುಷ್ಯ ಅಂತ ಅವಳು ಮೊದಲೇ ಹೇಳಿದ್ದಳು. ಒಂದು ಭಾನುವಾರ ರೈಲು ಹತ್ತಿ ಹೋದೆ. ಕಾಫಿ ಕೊಟ್ಟು ಎದುರು ಕೂತರು. ಮೊದಲ ಪ್ರಶ್ನೆಯೇ, "ನಿಮ್ಮ ಮನೆ ಹೆಸರು ಎಂತ?"

ಕಾಸರಗೋಡಿನವರಿಗೂ ಮನೆಗೆ ಹೆಸರು ಬೇಕು ಅನ್ನೋದನ್ನ ಅವಳು ಹೇಳಿರಲಿಲ್ಲ. "ಮೈಸೂರ್ ಕಡೆ ಹಾಗೆಲ್ಲ ಇರಲ್ಲ ಸಾರ್. ನಂಬರ್ ಇರುತ್ತೆ."

"ಹೆಸರಿಲ್ಲದ ಮನೆಯಾ," ಅಂತ ಯಾವುದೋ ಕಾಗದದ ಮೇಲೆ ಷರಾ ಬರೆಯುವವರಂತೆ ಹೇಳಿದರು. ಅರ್ಧ ಗಂಟೆ ಮಾತಾಡಿದೆವು. ಹೆದರಿಕೆಯಾದಾಗ ನನ್ನ ಚಟ ಜೋರಾಗುತ್ತೆ. ನನ್ನ ಮ್ಯಾನೇಜರ ಬಗ್ಗೆ ಹೇಳುವಾಗ ಮ್ಯಾನೇಜರ ದನಿ, ಓನರ ಬಗ್ಗೆ ಹೇಳುವಾಗ ಓನರ ದನಿ. ಕೊನೆಗೆ, ಅಯ್ಯೋ, "ಹೌದು ಮಾರಾಯ್ರೆ, ಹಾಗೆಯೇ ಉಂಟು" ಅಂತ ಅವರದೇ ದನಿ ಅವರಿಗೇ ಕೇಳಿಸಿಬಿಟ್ಟೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಅವಳೇ ಬೀಳಿಸಿದ್ದು.

ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನೋಡಿ," ಅಂದರು, "ನಿಮ್ಮ ಬಗ್ಗೆ ನನಗೆ ಬೇಸರ ಇಲ್ಲ. ಆದರೆ ನೀವು ಎದುರು ಕೂತು ಮಾತಾಡಿದರೆ ನಾಲ್ಕು ಜನ ಮಾತಾಡಿದ ಹಾಗೆ ಕೇಳ್ತದೆ. ಈ ನಾಲ್ಕರಲ್ಲಿ ಯಾರಿಗೆ ಮಗಳನ್ನು ಕೊಡುವುದು? ನಾನು ಮನುಷ್ಯರನ್ನು ಓದಲು ಕಲಿತವನಲ್ಲ, ಕಾಗದ ಓದಿದವ. ಮನೆ ಸಾಲಕ್ಕೆ ಅರ್ಜಿ ಹಾಕಿ. ಒಂದು ಬ್ಯಾಂಕು ನಿಮ್ಮನ್ನು ಇಪ್ಪತ್ತು ವರ್ಷ ನಂಬ್ತೇವೆ ಅಂತ ಬರೆದುಕೊಟ್ಟರೆ, ನಾನೂ ನಂಬ್ತೇನೆ. ಬರುವ ವರ್ಷದ ವಿಷು ಹಬ್ಬದ ತನಕ ಕಾಯ್ತೇನೆ. ಆಮೇಲೆ ನನ್ನನ್ನು ದೂರಬೇಡಿ."

ರಸ್ತೆಯವರೆಗೆ ಬಿಡಲು ಬಂದ ಅವಳು "ಅಚ್ಛನ್ ಅಂಙನೆಯಾ" ಅಂದಳು. ಅಪ್ಪ ಹಾಗೇ. ಅಷ್ಟೇ ಸಮಾಧಾನ.

ಕೊಚ್ಚಿಯ ಬ್ಯಾಂಕಿನಲ್ಲಿ ಸಾಲದ ವಿಭಾಗದ ಮೇಡಂ ಕಂಪ್ಯೂಟರಿನ ಪರದೆ ನೋಡಿದರು. ನಿಮಗೆ ಸಾಲದ ಇತಿಹಾಸವೇ ಇಲ್ಲ ಅಂದರು. ಎಂದೂ ಯಾರ ಹತ್ತಿರವೂ ಸಾಲ ಮಾಡಿದವನಲ್ಲ ಅಂತ ನಾನು ಹೆಮ್ಮೆಯಿಂದ ಹೇಳಿದೆ. ಅದೇ ತೊಂದರೆ ಅಂದರು. ಸಾಲ ಮಾಡದವನು ತೀರಿಸುತ್ತಾನೋ ಇಲ್ಲವೋ ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ಇಲ್ಲಿಗೆ ಹೊಸಬ ಬೇರೆ. ಊರಿನವರಾದರೆ ಯಾರಾದರೂ ಗುರುತು ಹೇಳಿಯಾರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸದೆಯೇ ಓದಿದರು: ಒಂದೇ ಒಂದು ಹಳೆಯ ಅರ್ಜಿ ಇದೆ. ವಿಳಾಸದಲ್ಲಿ ಅಂಥ ಮನೆ ಇಲ್ಲ ಅಂತ ನೆರೆಯವರು ಹೇಳಿದ್ದಾರೆ.

ನೆರೆಯವರು. ನಾನು ಅವರ ಮಾಳಿಗೆಯ ಮೇಲೆ ಮಲಗುತ್ತಿದ್ದೆ.

ಮೇಡಂ ದಯಾಳು. ಮಾಡಬೇಕಾದದ್ದನ್ನು ಹೇಳಿಕೊಟ್ಟರು. ಸ್ವಲ್ಪ ಹಣ ಠೇವಣಿ ಇಟ್ಟು ಅದರ ಆಧಾರದ ಮೇಲೆ ಕಾರ್ಡು ತಗೊಳ್ಳಿ. ಸಣ್ಣದೊಂದು ಸಾಮಾನು ಕಂತಿನಲ್ಲಿ ಕೊಳ್ಳಿ. ಒಂದು ದಿನವೂ ತಡ ಮಾಡದೆ ಕಟ್ಟಿ. ಕಂಡಕಂಡಲ್ಲಿ ಅರ್ಜಿ ಹಾಕಬೇಡಿ. ಕೆಲಸ ಬಿಡಬೇಡಿ, ಮನೆ ಬದಲಿಸಬೇಡಿ. ಎಲ್ಲ ಕಾಗದದಲ್ಲೂ ಹೆಸರು, ವಿಳಾಸ ಅಕ್ಷರ ತಪ್ಪದೆ ಒಂದೇ ಇರಲಿ. ವರ್ಷ ಬಿಟ್ಟು ಬನ್ನಿ.

ಹಾಗಾದರೆ ಮೊದಲು ವಿಳಾಸ ತಿದ್ದಿಕೊಡಿ ಮೇಡಂ, ಅಂದೆ. ಹೊಸ ವಿಳಾಸಕ್ಕೆ ಪುರಾವೆ ಕೊಡಿ, ಅಂದರು. ಬಾಡಿಗೆ ಕರಾರು ತರೋಣ ಅಂದರೆ ಓನರು ಕರಾರು ಮಾಡುವವರಲ್ಲ. ಬಾಡಿಗೆಗೆ ಕೊಟ್ಟ ವಿಷಯ ಪಂಚಾಯಿತಿಗೆ ಗೊತ್ತಾದರೆ ತೆರಿಗೆ ಏರುತ್ತೆ ಅನ್ನೋದನ್ನ ಅವರು ಒಂದೇ ಒಂದು ಸಲ ಪಿಸುದನಿಯಲ್ಲಿ ಹೇಳಿದ್ದರು. ರೇಷನ್ ಕಾರ್ಡು, ಮತದಾರರ ಚೀಟಿ ಮೈಸೂರಿನವು. ಬೇರೆ ಏನು ನಡೆಯುತ್ತೆ ಅಂತ ಕೇಳಿದರೆ, ಬ್ಯಾಂಕಿನ ಪಾಸ್‌ಬುಕ್ ನಡೆಯುತ್ತೆ, ಅಂದರು. ಪಾಸ್‌ಬುಕ್ಕಿನಲ್ಲಿ ಇದ್ದದ್ದು ಬಾಡಿಗೆ ಮನೆ. ನಾನು ಯಾರೆಂದು ಸಾಬೀತು ಮಾಡಲು ಕೇರಳದಲ್ಲಿ ಇದ್ದದ್ದು ಆ ಒಂದೇ ಕಾಗದ, ಅದರಲ್ಲಿ ನನ್ನದೇ ಹಲ್ಲು ಕಿರಿಯುವ ತಮಾಷೆ.

ಸರಿ, ಇನ್ನು ನಾನೇ ಆ ಮನೆಯವನಾಗಬೇಕು ಅಂತ ತೀರ್ಮಾನಿಸಿದೆ. ಅಂಚೆಯ ಚೇಟ್ಟನಿಗೆ ಟೀ ಕೊಡಿಸಿ, ಬಾಡಿಗೆ ಮನೆ ಅಂದರೆ ನಾನೇ ಅಂತ ಹೇಳಿಕೊಂಡೆ. ಅವರು ಅಂದಿನಿಂದ ಸೈಕಲ್ ಬೆಲ್ ಹೊಡೆದು "ಬಾಡಿಗೆಮನೆ ಸಾರೇ" ಅಂತ ಕರೆಯತೊಡಗಿದರು. ಬೀದಿ ತುದಿಯ ಟೀ ಅಂಗಡಿಯವರು ಅದನ್ನು ಹಿಡಿದುಕೊಂಡರು. ಊರಿಗೆಲ್ಲ ಅಡ್ಡಹೆಸರಿಟ್ಟು ತಿರುಗುತ್ತಿದ್ದವನಿಗೆ ಒಂದು ಗಟ್ಟಿಯಾದ ಅಡ್ಡಹೆಸರು ಬಿತ್ತು.

ಕಂತಿನಲ್ಲಿ ಫ್ರಿಜ್ ಕೊಂಡೆ. ನಾನೂ ರೂಮ್‌ಮೇಟೂ ಉಣ್ಣುತ್ತಿದ್ದದ್ದು ಮೆಸ್ಸಿನಲ್ಲಿ. ಫ್ರಿಜ್ಜಿನಲ್ಲಿ ಎರಡು ಬಾಟಲಿ ನೀರು, ಅರ್ಧ ಪ್ಯಾಕೆಟ್ ಮೊಸರು, ಸೆಕೆ ಜಾಸ್ತಿಯಾದರೆ ರೂಮ್‌ಮೇಟನ ಬನಿಯನ್ನು. "ನಮಗ ಯಾಕ ಬೇಕಿತ್ತಲೇ ಇದು?" ಅಂದ. "ಇತಿಹಾಸ ಕೆಡಬಾರದು ಅಂತ ಫ್ರಿಜ್ಜಲ್ಲಿ ಇಟ್ಟಿದೀನಿ," ಅಂದೆ. "ನಿನ್ನ ಲಗ್ನಾನೂ ಅದರಾಗ ಇಡು," ಅಂದ.

ನಗುತ್ತಿದ್ದೆವು ನಿಜ. ಆದರೆ ಆ ವರ್ಷ ನಾನು ಉಸಿರು ಬಿಗಿಹಿಡಿದು ಬದುಕಿದೆ. ಬೆಂಗಳೂರಿನಿಂದ ಇಮ್ಮಡಿ ಸಂಬಳದ ಕರೆ ಬಂತು. ಕೆಲಸ ಬದಲಿಸುವಂತಿಲ್ಲ ಅಂತ ಬಿಟ್ಟೆ. ಓನರು ನೀರು ಬಿಡದೆ ಎರಡು ದಿನ ಸತಾಯಿಸಿದರು. ಮನೆ ಬದಲಿಸುವಂತಿಲ್ಲ ಅಂತ ಬಕೆಟ್ ಹೊತ್ತೆ. ಜ್ವರದಲ್ಲಿ ಬಿದ್ದಾಗಲೂ ತಿಂಗಳ ಐದನೇ ತಾರೀಕು ರೂಮ್‌ಮೇಟನ ಹೆಗಲು ಹಿಡಿದು ಹೋಗಿ ಚೆಕ್ ಹಾಕಿ ಬಂದೆ. ಅವನನ್ನೊಬ್ಬನನ್ನೇ ಕಳಿಸಬಹುದಿತ್ತು. ನಂಬಿಕೆ ಬರಲಿಲ್ಲ. ಎಲ್ಲೋ ಒಂದು ಕಂಪ್ಯೂಟರಿನೊಳಗೆ ನನ್ನ ಅನುಕರಣೆ ಮಾಡುವವನೊಬ್ಬ ಕೂತಿದ್ದಾನೆ, ಅವನು ಹೇಗೆ ಮಾಡುತ್ತಾನೋ ಹಾಗೇ ನಾನು ಇರಬೇಕು, ಅನ್ನಿಸುತ್ತಿತ್ತು. ಅಷ್ಟು ವರ್ಷ ನಾನು ಮಾಡಿ ತೋರಿಸಿದವರಿಗೆಲ್ಲ ಹೀಗೇ ಆಗಿರಬೇಕು.

ಒಮ್ಮೆ ಕಾರ್ಡಿನವರು ಫೋನ್ ಮಾಡಿದರು. ಖಾತೆದಾರ ನಾನೇ ಹೌದೋ ಅಂತ ಪರೀಕ್ಷೆ. ಆಫೀಸಿನಲ್ಲಿದ್ದೆ, ಆಗಷ್ಟೇ ಮ್ಯಾನೇಜರ ಪಾತ್ರ ಮುಗಿಸಿದ್ದೆ, ಅವರ ದನಿಯಲ್ಲೇ ಹಲೋ ಅಂದುಬಿಟ್ಟೆ. ಹೋದ ಸಲ ಮಾತಾಡಿದವರು ಬೇರೆಯವರಿದ್ದ ಹಾಗಿತ್ತು ಅಂತ ಆ ಕಡೆಯ ಹೆಣ್ಣುಮಗಳಿಗೆ ಅನುಮಾನ. "ಸರ್, ದಯವಿಟ್ಟು ಖಾತೆದಾರರಿಗೇ ಕೊಡಿ," ಅಂದಳು. ನಾನೇ ಅಂದೆ. ಗಾಬರಿಯಲ್ಲಿ ಅದು ಓನರ ದನಿಯಲ್ಲಿ ಹೊರಟಿತು. ಅವಳು ಇನ್ನೂ ಮೃದುವಾಗಿ, "ನಿಮ್ಮ ಸ್ವಂತ ದನಿಯಲ್ಲಿ ಮಾತಾಡಿ ಸರ್," ಅಂದಳು.

ಬಾಯಿ ತೆರೆದೆ. ಏನೂ ಬರಲಿಲ್ಲ. ನಗಬೇಡಿ, ನನ್ನ ದನಿ ಯಾವುದು ಅಂತ ನಾನು ಹುಡುಕುತ್ತಿದ್ದೆ. ಗಂಟಲಲ್ಲಿ ಹತ್ತು ಜನ ಸಾಲಾಗಿ ನಿಂತಿದ್ದರು, ನಾನೊಬ್ಬ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು ಇಟ್ಟುಬಿಟ್ಟಳು. ಮರುದಿನ ರಜೆ ಹಾಕಿ, ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ, ನಾನೇ ನಾನು ಅಂತ ಬರೆದುಕೊಟ್ಟು ಬಂದೆ. ಆಫೀಸಿನಲ್ಲಿ ಮಿಮಿಕ್ರಿ ನಿಲ್ಲಿಸಿದೆ. ಹುಷಾರಿಲ್ಲವೇ ಅಂತ ಎಲ್ಲರೂ ಕೇಳಿದರು.

ವಿಷುವಿಗೆ ಇನ್ನು ಐದು ತಿಂಗಳು ಅನ್ನುವಾಗ ಕಂಪನಿ ನನ್ನನ್ನು ತಿರುವನಂತಪುರಕ್ಕೆ ವರ್ಗ ಮಾಡಿತು. ಅವಳ ಊರು, ಬೇರೆ ಯಾರಿಗಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ನಾನು ವರ್ಗ ರದ್ದು ಮಾಡಿ ಅಂತ ಮ್ಯಾನೇಜರ ಕಾಲು ಹಿಡಿದೆ. ಮನೆ ಬದಲಾದರೆ ಬೈಕಿನವನು ಮತ್ತೆ ಬರುತ್ತಾನೆ, ಮತ್ತೆ ಅಂಥ ಮನೆ ಇಲ್ಲ ಅಂತ ಬರೆಯುತ್ತಾನೆ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳುವುದು ಹೇಗೆ? ಹೇಳಲಿಲ್ಲ. ಹೋದೆ.

ಅಲ್ಲಿನ ಶ್ರೀಕಾರ್ಯ ಅನ್ನೋ ಬಡಾವಣೆಯಲ್ಲಿ ಒಬ್ಬ ಚೇಚಿಯ, ಅಂದರೆ ಅಕ್ಕನ, ಮನೆಯ ಹಿಂದೆ, ಅವರು ಹೊಸದಾಗಿ ಕಟ್ಟಿಸಿದ್ದ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಚೇಚಿ ಅಲ್ಲಿನ ಗೆಡ್ಡೆಗೆಣಸಿನ ಸಂಶೋಧನಾ ಕೇಂದ್ರದಲ್ಲಿ ಕೆಲಸದಲ್ಲಿದ್ದರು. ಮರಗೆಣಸನ್ನು ಒಂದು ವಾರ ಒಂದು ಬಗೆ, ಇನ್ನೊಂದು ವಾರ ಇನ್ನೊಂದು ಬಗೆ ಬೇಯಿಸಿ ತಂದುಕೊಟ್ಟು, ನಾನು ಅಗಿಯುವಾಗ ಎದುರು ನಿಂತು ಮುಖ ನೋಡುತ್ತಿದ್ದರು. ಹಿಂದಿನ ಆ ಎರಡು ಕೋಣೆಗೆ ಹೆಸರಿದೆಯೇ ಅಂತ ಮೊದಲ ದಿನವೇ ಕೇಳಿದೆ. ಇಲ್ಲ, ಇನ್ನೂ ಇಟ್ಟಿಲ್ಲ, ಅಂದರು.

"ನಾನೊಂದು ಇಡಲಾ ಚೇಚಿ?"

ಅವರಿಗೆ ಕರಾರು ಮಾಡಿಕೊಡಲು ಅಡ್ಡಿಯಿರಲಿಲ್ಲ. ಊರು ಬದಲಾದರೂ ಮನೆ ಹೆಸರು ಅಕ್ಷರ ತಪ್ಪದೆ ಪಾಸ್‌ಬುಕ್ಕಿನದ್ದೇ ಇರಲಿ ಅಂತ ನನ್ನ ಲೆಕ್ಕ. ಆದರೆ ಕರಾರಿನಲ್ಲಿ ಹೆಸರು ಬರಬೇಕಾದರೆ ಗೋಡೆಯ ಮೇಲೂ ಇರಬೇಕಲ್ಲ. ಬೋರ್ಡು ಬರೆಯುವವನ ಹತ್ತಿರ ಒಂದು ಹಲಗೆ ಬರೆಸಿದೆ. ಬಾಡಿಗೆ ಮನೆ. ಮೇಲೆ ಮಲಯಾಳದಲ್ಲಿ, ಕೆಳಗೆ ಬ್ಯಾಂಕಿನವರು ಬರೆದಿದ್ದ ಅದೇ ಇಂಗ್ಲಿಷ್ ಅಕ್ಷರಗಳಲ್ಲಿ. ಮೊಳೆ ಹೊಡೆಯುತ್ತಿದ್ದಾಗ ಚೇಚಿ ಬಂದು ಅರ್ಥವೇನು ಅಂತ ಕೇಳಿದರು. ಎರಡು ಮೂರು ಸುಳ್ಳು ಸಿದ್ಧ ಮಾಡಿಟ್ಟುಕೊಂಡಿದ್ದೆ. ಸ್ವರ್ಗದ ಬಾಗಿಲು ಅನ್ನೋದೂ ಅದರಲ್ಲೊಂದು. ಆದರೆ ಸುಸ್ತಾಗಿತ್ತು. "ವಾಡಕವೀಡ್," ಅಂತ ಅವರ ಭಾಷೆಯಲ್ಲೇ ಹೇಳಿದೆ. ಬಾಡಿಗೆ ಮನೆ, ಅಷ್ಟೇ.

ಅವರು ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಶರಿಯಾಣಲ್ಲೋ," ಅಂದರು. ಸರಿಯಾಗೇ ಇದೆಯಲ್ಲ. ಎಡಗಡೆ ಸ್ವಲ್ಪ ಇಳಿದಿದೆ, ಎತ್ತಿ ಹೊಡಿ ಮೋನೆ, ಅಂತ ಹೇಳಿ ಒಳಗೆ ಹೋದರು.

ಮೇಡಂ ಹೇಳಿದ ವರ್ಷ ಕಳೆದಿತ್ತು. ಶ್ರೀಕಾರ್ಯದಿಂದ ಸ್ವಲ್ಪ ಮುಂದೆ ಏಳುತ್ತಿದ್ದ ಫ್ಲಾಟೊಂದಕ್ಕೆ ಸಾಲದ ಅರ್ಜಿ ಹಾಕಿದೆ. ಬೈಕಿನವನು ಬಂದ ದಿನ ನಾನು ಕಿಟಕಿಯ ಹಿಂದೆ ನಿಂತಿದ್ದೆ. ಹಲಗೆಯ ಎದುರು ನಿಂತ. ಕೈಯಲ್ಲಿದ್ದ ಕಾಗದ ನೋಡಿದ, ಹಲಗೆ ನೋಡಿದ, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ತಾಳೆ ನೋಡಿದ. ಚೇಚಿಯನ್ನು ಕರೆದು ಕೇಳಿದ. ಚೇಚಿ ಹೌದು ಇದೇ ಮನೆ ಅಂದರು, ಅವನಿಗೂ ಒಂದು ತಟ್ಟೆ ಮರಗೆಣಸು ಕೊಟ್ಟರು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ವಿಷುವಿಗೆ ಹತ್ತು ದಿನ ಇರುವಾಗ ಮಂಜೂರಾತಿ ಪತ್ರ ಬಂತು. ಲಕೋಟೆಯನ್ನು ಒಡೆದು ನೋಡಿ, ಮತ್ತೆ ಅಂಟಿಸಿ, ಅವರ ಮನೆಗೆ ಹೋದೆ.

ಅವರು ಕನ್ನಡಕ ಹಾಕಿಕೊಂಡು ಓದಲು ಕೂತರು. ಎಲ್ಲರೂ ಮೊದಲು ನೋಡುವ ಮೊತ್ತದ ಕಡೆ ಕಣ್ಣು ಹಾಯಿಸಲಿಲ್ಲ. ಮೇಲಿನಿಂದ ಶುರು ಮಾಡಿದರು. ದಿನಾಂಕ, ಉಲ್ಲೇಖ ಸಂಖ್ಯೆ, ನನ್ನ ಹೆಸರು. ಆಮೇಲೆ ಬೆರಳು ನಿಂತಿತು. ಆಗ ನನಗೆ ಹೊಳೆಯಿತು. ಕ್ಯಾಂಟೀನಿನ ಮೇಜಿನಿಂದ ಹಿಡಿದು ಇಲ್ಲಿಯವರೆಗೆ ಆ ಕಾಗದ ಹಾದು ಬಂದ ಬ್ಯಾಂಕಿನವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಓದಿ ಅರ್ಥ ಮಾಡಿಕೊಳ್ಳುವ ಮೊದಲ ಅಧಿಕಾರಿ ಇವರು.

"ಇದು ಎಂತ, ಬಾಡಿಗೆ ಮನೆ?"

ಹೇಳಿದೆ. ಕ್ಯಾಂಟೀನು, ವೀಟ್ಟುಪೇರು, ನೆರೆಯವರು, ಫ್ರಿಜ್ಜು, ಹಲಗೆ. ಓನರು ಕೂಗಿದ್ದನ್ನು ಹೇಳುವಾಗಲೂ ಕೂಗಲಿಲ್ಲ. ಅವಳು ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಹೊತ್ತು ನಾನು ಒಂದೇ ದನಿಯಲ್ಲಿ ಮಾತಾಡಿದ್ದನ್ನು ಅವಳೂ ಕೇಳಿರಲಿಲ್ಲ.

"ಬರೆಯುವಾಗಲೇ ತಿದ್ದಿಸಲಿಲ್ಲ ಯಾಕೆ?"

"ನಗು ಬಂತು ಸಾರ್."

"ಮತ್ತೆ?"

"ಮತ್ತೆ ತಿದ್ದೋಕಾಗಲಿಲ್ಲ."

ಅವರು ಪತ್ರದ ಉಳಿದ ಭಾಗವನ್ನು ಓದಿದರು. ಎರಡು ಪುಟ, ಷರತ್ತುಗಳ ಸಮೇತ. ಇಷ್ಟು ದೂರ ಬಂದು, ನನ್ನದೇ ಎರಡು ಪದಕ್ಕೆ ಸಿಕ್ಕಿಬಿದ್ದೆ ಅಂದುಕೊಂಡೆ.

ಪತ್ರವನ್ನು ಮಡಿಕೆ ಮುರಿಯದಂತೆ ಮಡಚಿ ಲಕೋಟೆಗೆ ಹಾಕಿದರು. "ಬಾಡಿಗೆ ಮನೆ ಅಂತ ಬರೆದು ಬಾಡಿಗೆ ಮನೆಯಲ್ಲೇ ಇದ್ದದ್ದು. ಕಾಗದದಲ್ಲಿ ಸುಳ್ಳು ಇಲ್ಲ," ಅಂದರು. ಆಮೇಲೆ ಒಳಗೆ ತಿರುಗಿ ಎಲೆ ಹಾಕಲು ಹೇಳಿ, ನನಗೆ, "ನೀನು ಕೈ ತೊಳೆದು ಬಾ," ಅಂದರು.

ಬಹುವಚನ ಬಿಟ್ಟಿದ್ದರು. ಕೈ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೆಚ್ಚೇ ಹೊತ್ತು ನಿಂತೆ.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಪಾರಾಗಿದ್ದೆ. ಒಂದು ತಿಂಗಳ ನಂತರ ಮದುವೆಯ ಕಾಗದ ಅಚ್ಚು ಹಾಕಿಸಲು ಕೂತಾಗ ಅವರು ಪೆನ್ನಿನ ಮುಚ್ಚಳ ತೆಗೆದರು. ಅವರ ಕಡೆಯ ಪದ್ಧತಿ. ವಧುವಿನ ಮನೆ ಹೆಸರು, ವರನ ಮನೆ ಹೆಸರು, ಎರಡೂ ಬರಬೇಕು. ಮೈಸೂರಿನ ಮನೆಯ ನಂಬರು, ಕ್ರಾಸು ಹಾಕಿ ಮಾವ, ಅಂತ ಬೇಡಿಕೊಂಡೆ.

"ದಾಖಲೆಯಲ್ಲಿ ಇದ್ದದ್ದನ್ನೇ ಹಾಕುವ," ಅಂದರು. "ಬದಲಾಯಿಸಿದರೆ ಮುಂದೆ ತೊಂದರೆ." ಗುಂಡಗಿನ ಸರ್ಕಾರಿ ಅಕ್ಷರದಲ್ಲಿ ನನ್ನ ಹೆಸರಿನ ಮುಂದೆ ಬರೆದರು, ಬಾಡಿಗೆ ಮನೆ. ಅಡಿಗೆರೆಯನ್ನೂ ಎಳೆದರು.

ಮೈಸೂರಿನಿಂದ ಚಿಕ್ಕಮ್ಮ ಫೋನ್ ಮಾಡಿ, ಸ್ವಂತ ಮನೆ ಇರೋವಾಗ ಇದೇನೋ ಹಣೆಬರಹ, ಮಾನ ಕಳೆದೆಯಲ್ಲೋ, ಅಂತ ಅತ್ತರು. ಫ್ಲಾಟಿಗೆ ಬಂದು ವರ್ಷವಾಗುತ್ತ ಬಂತು. ಬ್ಯಾಂಕಿನ ಕಾಗದಗಳು ಇವತ್ತಿಗೂ ಅದೇ ಹೆಸರಿಗೆ ಬರುತ್ತವೆ. ಚೇಚಿ ಅವನ್ನು ಜೋಪಾನವಾಗಿ ಎತ್ತಿಟ್ಟು, ಗೆಣಸಿನ ಜೊತೆ ಕಳಿಸುತ್ತಾರೆ. ತಿದ್ದಿಸಲು ನನಗೆ ಧೈರ್ಯವಿಲ್ಲ.

ಅವತ್ತು ಪೆನ್ನು ಹಿಡಿದು ಮಾವ ತಮಾಷೆ ಮಾಡಿದರೋ, ನಿಜವಾಗಿಯೂ ದಾಖಲೆಯ ಬಗ್ಗೆ ಯೋಚಿಸಿದರೋ ನನಗೆ ಗೊತ್ತಿಲ್ಲ. ಹೆಂಡತಿಯನ್ನು ಕೇಳಿದರೆ ಅಚ್ಛನ್ ಅಂಙನೆಯಾ ಅನ್ನುತ್ತಾಳೆ. ಅವರ ದನಿ ನನಗೆ ಚೆನ್ನಾಗಿಯೇ ಬರುತ್ತೆ. ಪೆನ್ನು ಹಿಡಿದಾಗಿನ ಆ ಮುಖ ಮಾತ್ರ ಬರಲ್ಲ, ಕನ್ನಡಿ ಮುಂದೆ ಎಷ್ಟು ಸಲ ಪ್ರಯತ್ನಿಸಿದರೂ, ಮಧ್ಯದಲ್ಲೇ ನನಗೆ ನಗು ಬಂದುಬಿಡುತ್ತೆ.